ಪೂಜಾರಿ ಕೊಡದ ವರ

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ಸರ್ಕಾರಿ ಕಚೇರಿಗಳ ವಿಷಯದಲ್ಲಿ ಹೇಳುತ್ತೇವೆ. ಸಾಲ ಮಂಜೂರಾಗಿರುತ್ತದೆ, ಕಾಗದ ಮೇಜಿನಿಂದ ಕದಲುವುದಿಲ್ಲ; ಪಿಂಚಣಿ ಬಂದಿರುತ್ತದೆ, ಸಹಿ ಬಿದ್ದಿರುವುದಿಲ್ಲ. ರೋಗ ಮತ್ತು ಔಷಧಗಳ ಚರಿತ್ರೆಗೂ ಈ ಗಾದೆ ಅಷ್ಟೇ ಚೆನ್ನಾಗಿ ಒಪ್ಪುತ್ತದೆಂಬುದು ಈಚಿನ ವರ್ಷಗಳಲ್ಲಿ ನನಗೆ ಮನವರಿಕೆಯಾಗಿದೆ. ಶಾಲೆಯ ಪುಸ್ತಕಗಳಲ್ಲಿ ರೋಗದ ಕಥೆ ಬಹಳ ಸರಳ. ಒಂದು ರೋಗ ಬಂತು, ಜನ ಸತ್ತರು, ಒಬ್ಬ ಪುಣ್ಯಾತ್ಮ ಔಷಧ ಕಂಡುಹಿಡಿದ, ಜನ ಬದುಕಿಕೊಂಡರು. ಜೆನ್ನರ್, ಪಾಶ್ಚರ್, ಫ್ಲೆಮಿಂಗ್ ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸಿ ಅಲ್ಲಿಗೆ ಪಾಠ ಮುಗಿಸುತ್ತೇವೆ. ಔಷಧ ಹುಟ್ಟಿದ ದಿನದಿಂದ ಅದು ಒಬ್ಬ ಬಡ ರೋಗಿಯ ನಾಲಿಗೆಯ ಮೇಲೆ ಬೀಳುವ ದಿನದವರೆಗಿನ ದಾರಿಯದು ಇನ್ನೊಂದು ಚರಿತ್ರೆ. ಆ ದಾರಿಯಲ್ಲಿ ಎಷ್ಟು ಬಾಗಿಲುಗಳಿವೆ, ಯಾವ ಬಾಗಿಲಿಗೆ ಯಾರು ಬೀಗ ಹಾಕಿದರು ಎಂಬುದನ್ನು ಯಾವ ಪರೀಕ್ಷೆಯಲ್ಲೂ ಕೇಳುವುದಿಲ್ಲ.

ನಾನು ಇಪ್ಪತ್ತೆಂಟು ವರ್ಷಗಳಿಂದ ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುತ್ತಿರುವವಳು. ಮಣಿಪುರ ಎಂದರೆ ನನ್ನ ಪಾಲಿಗೆ ಬಹಳ ಕಾಲ ಭೂಪಟದ ಬಲ ಅಂಚಿನ ಒಂದು ಪುಟ್ಟ ರಾಜ್ಯವಾಗಿತ್ತು. ರಾಜಧಾನಿ ಇಂಫಾಲ, ಲೋಕ್‌ತಾಕ್ ಸರೋವರ, ಘಾಗ್ರಾದಂಥ ಉಡುಪು ತೊಟ್ಟು ಮಾಡುವ ರಾಸನೃತ್ಯ, ಇಷ್ಟೇ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಮಹಡಿ ಕೋಣೆಗೆ ಮಣಿಪುರದ ಇಬ್ಬರು ನರ್ಸ್ ಹುಡುಗಿಯರು ಬಾಡಿಗೆಗೆ ಬಂದರು. ಊರಿನ ಒಂದು ನರ್ಸಿಂಗ್ ಹೋಮಿನಲ್ಲಿ ಅವರಿಗೆ ಕೆಲಸ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬರುವಾಗ ನಾನು ಅಂಗಳ ಸಾರಿಸುತ್ತಿದ್ದರೆ ನಿಂತು ಮಾತಾಡುವರು. ಅರ್ಧ ಹಿಂದಿ, ಅರ್ಧ ಕನ್ನಡ. ಒಂದು ಭಾನುವಾರ, ಹೆಂಗಸರ ಮಾತು ಎಲ್ಲಿಗೆ ಹೋಗುತ್ತದೋ ಅಲ್ಲಿಗೇ ಹೋಗಿ, ಅವರವರ ತವರಿನ ಲೆಕ್ಕ ಬಂತು. "ನಿಂಗೆ ಎಷ್ಟು ಜನ ಸೋದರಮಾವಂದಿರಮ್ಮಾ?" ಎಂದೆ. "ನಾಲ್ಕು ಜನ ಇದ್ರು ಆಂಟಿ, ಈಗ ಇಬ್ರು" ಎಂದಳು. ಹೋದ ಇಬ್ಬರೂ ಸೂಜಿ ಚುಚ್ಚಿಕೊಳ್ಳುವ ನಶೆಗೆ ಬಿದ್ದವರು, ಇಬ್ಬರಿಗೂ ಎಚ್.ಐ.ವಿ. ತಗುಲಿತ್ತು. ಆಮೇಲೆ ಅವಳು ಹೇಳಿದ ಒಂದು ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. "ಒಬ್ರು ಔಷಧ ಬರೋಕ್ಕೆ ಮೊದ್ಲು ಸತ್ರು. ಇನ್ನೊಬ್ರು ಔಷಧ ಬಂದ ಮೇಲೆ ಸತ್ರು, ಆಂಟಿ."

ಮೊದಲನೆಯ ಸಾವಿಗೆ ಕಾರಣ ಎಲ್ಲರಿಗೂ ತಿಳಿಯುವಂಥದು. ಎರಡನೆಯದಕ್ಕೆ? ಔಷಧ ಬಂದ ಮೇಲೆ, ಅದೂ ಸರ್ಕಾರ ಪುಕ್ಕಟೆಯಾಗಿ ಕೊಡತೊಡಗಿದ ಮೇಲೆ, ಅದನ್ನು ಬೇಡುತ್ತಿದ್ದ ಮನುಷ್ಯ ಯಾಕೆ ಸತ್ತ? ಈ ಪ್ರಶ್ನೆಯ ಬೆನ್ನು ಹತ್ತಿ ನಾನು ಓದಿದ್ದು, ಆ ಹುಡುಗಿಯಿಂದ ಕೇಳಿದ್ದು ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮಣಿಪುರಕ್ಕೂ ಬರ್ಮಾಕ್ಕೂ, ಅಂದರೆ ಇಂದಿನ ಮ್ಯಾನ್ಮಾರಿಗೂ, ಸುಮಾರು 400 ಕಿಲೋಮೀಟರ್ ಉದ್ದದ ಗಡಿಯಿದೆ. ಗಡಿಯ ಊರು ಮೋರೆ, ಇಂಫಾಲದಿಂದ 110 ಕಿಲೋಮೀಟರ್. ಬರ್ಮಾ, ಥಾಯ್ಲೆಂಡ್, ಲಾವೋಸ್ ದೇಶಗಳು ಕೂಡುವ ಬೆಟ್ಟಸೀಮೆಯನ್ನು ಜಗತ್ತು 'ಸುವರ್ಣ ತ್ರಿಕೋನ' ಎಂದು ಕರೆಯಿತು. ಅಲ್ಲಿ ಬೆಳೆಯುತ್ತಿದ್ದದ್ದು ಅಫೀಮು. ಅದನ್ನು ಶುದ್ಧಿ ಮಾಡಿ ತಯಾರಿಸಿದ ಬಿಳಿ ಹೆರಾಯಿನ್ನಿಗೆ ಮಣಿಪುರದಲ್ಲಿ 'ನಂಬರ್ ಫೋರ್' ಎಂದು ಹೆಸರು. ದೆಹಲಿ, ಮುಂಬಯಿಗಳಲ್ಲಿ ಸಿಗುತ್ತಿದ್ದ 'ಬ್ರೌನ್ ಶುಗರ್' ಹೊಗೆ ಎಳೆಯುವ ಸರಕು. ನಂಬರ್ ಫೋರ್ ನೀರಿನಲ್ಲಿ ಸಲೀಸಾಗಿ ಕರಗುತ್ತದೆ, ಆದ್ದರಿಂದ ಅದು ಸೂಜಿಯ ಸರಕಾಯಿತು. 1980ರ ದಶಕದಲ್ಲಿ ಓದಿದ, ಕೆಲಸವಿಲ್ಲದ, ಬಂದೂಕಿನ ನಡುವೆ ಬೆಳೆದ ಒಂದು ತಲೆಮಾರಿನ ಹುಡುಗರ ಕೈಗೆ ಅದು ಅಗ್ಗವಾಗಿ ಸಿಕ್ಕಿತು.

ಹೆರಾಯಿನ್ನಿನ ಹಿಂದೆಯೇ ರೋಗ ಬಂತು. ನಮ್ಮ ದೇಶದಲ್ಲಿ ಎಚ್.ಐ.ವಿ. ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಎಂಬ ಇಬ್ಬರು ಹೆಂಗಸರು ಅದನ್ನು ಕಂಡುಹಿಡಿದರು. ಮಣಿಪುರದಲ್ಲಿ 1989ರ ಸೆಪ್ಟೆಂಬರಿನವರೆಗೆ ಪರೀಕ್ಷಿಸಿದ ಸೂಜಿ ನಶೆಯವರಲ್ಲಿ ಒಬ್ಬರ ರಕ್ತದಲ್ಲೂ ಈ ವೈರಾಣು ಸಿಕ್ಕಿರಲಿಲ್ಲ. ಅದಾದ ಆರು ತಿಂಗಳೊಳಗೆ ನೂರಕ್ಕೆ ಐವತ್ತು ಮಂದಿಯಲ್ಲಿ ಸೋಂಕು! ಈ ಅಂಕಿ ಓದಿದಾಗ ಅಚ್ಚಿನ ತಪ್ಪಿರಬೇಕೆಂದು ಎರಡು ಬಾರಿ ನೋಡಿದೆ. ತಪ್ಪೇನೂ ಇರಲಿಲ್ಲ. ಒಂದೇ ಸೂಜಿ ಹತ್ತು ಕೈ ದಾಟುತ್ತಿತ್ತು. ಅದೂ ಸರಿಯಾದ ಸಿರಿಂಜು ಅಲ್ಲ. ನಾವು ಹುಡುಗಿಯರಾಗಿದ್ದಾಗ ಪೆನ್ನಿಗೆ ಶಾಯಿ ತುಂಬುತ್ತಿದ್ದೆವಲ್ಲ, ಅಂಥ ಇಂಕ್ ಫಿಲ್ಲರಿನ ತುದಿಗೆ ಸೂಜಿ ಸಿಕ್ಕಿಸಿ ಮಾಡಿಕೊಂಡ ಸಾಧನ. ಅದನ್ನು ಗೋಡೆಯ ಬಿರುಕಿನಲ್ಲೋ ಪೊದೆಯಲ್ಲೋ ಬಚ್ಚಿಟ್ಟು ಬಂದವರೆಲ್ಲ ಬಳಸುತ್ತಿದ್ದರು.

ಬಚ್ಚಿಡುವುದು ಯಾಕೆ? ಇಲ್ಲಿಂದ ಬಾಗಿಲುಗಳ ಕಥೆ ಶುರುವಾಗುತ್ತದೆ.

ಮೊದಲ ಬಾಗಿಲು ಕಾನೂನಿನದು. 1985ರಲ್ಲಿ ಬಂದ ಮಾದಕ ವಸ್ತುಗಳ ಕಾಯಿದೆ ಮಾರುವವನನ್ನು ಮಾತ್ರವಲ್ಲ, ಸೇವಿಸುವವನನ್ನೂ ಅಪರಾಧಿಯೆಂದು ಕರೆಯಿತು. ಹೆರಾಯಿನ್ ಸೇವಿಸಿದವನಿಗೆ ಒಂದು ವರ್ಷದವರೆಗೆ ಸೆರೆವಾಸ ಕೊಡಬಹುದು. ತಾನಾಗಿ ಚಿಕಿತ್ಸೆಗೆ ಬಂದವನಿಗೆ ಮೊಕದ್ದಮೆಯಿಂದ ವಿನಾಯಿತಿ ಕೊಡುವ ಕಲಮನ್ನು ಆಮೇಲೆ ಸೇರಿಸಿದರೂ ಬೀದಿಯ ಪೊಲೀಸಿನವನಿಗೂ ಬೀದಿಯ ಹುಡುಗನಿಗೂ ಅದು ತಿಳಿದದ್ದು ಕಡಿಮೆ. ಕಿಸೆಯಲ್ಲಿ ಸಿರಿಂಜು ಸಿಕ್ಕರೆ ಅದೇ ಸಾಕ್ಷಿ. ಹೀಗಾಗಿ ಯಾರೂ ತನ್ನದೇ ಸೂಜಿ ಇಟ್ಟುಕೊಳ್ಳಲಿಲ್ಲ. ಸೂಜಿಯನ್ನು ಹಂಚಿಕೊಳ್ಳುವಂತೆ ಮಾಡಿದ್ದು ಚಟಕ್ಕಿಂತ ಹೆಚ್ಚಾಗಿ ಭಯ.

ಈ ಮಾತಿಗೆ ಸಾಕ್ಷಿ ಬಹಳ ದೂರದ ಇನ್ನೊಂದು ಊರಿನಲ್ಲಿ ಆಗಲೇ ಇತ್ತು. ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ 1980ರ ದಶಕದ ಮೊದಲ ವರ್ಷಗಳಲ್ಲಿ ಪೊಲೀಸರು ಸಿರಿಂಜುಗಳ ಮಾರಾಟ ನಿಲ್ಲುವಂತೆ ಒತ್ತಡ ತಂದರು, ಕಂಡಲ್ಲಿ ಕಸಿದುಕೊಂಡರು. ಅಲ್ಲಿನ ಡಾ. ರಾಯ್ ರಾಬರ್ಟ್‌ಸನ್ ಮತ್ತು ಸಂಗಡಿಗರು ತಮ್ಮ ಬಳಿ ಬರುತ್ತಿದ್ದ 164 ಮಂದಿ ಸೂಜಿ ನಶೆಯವರ ರಕ್ತ ಪರೀಕ್ಷಿಸಿ 1986ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಧದಷ್ಟು ಜನರಲ್ಲಿ ಸೋಂಕು. ಸೂಜಿಯನ್ನು ದುರ್ಲಭ ಮಾಡಿದರೆ ಚಟ ಕಡಿಮೆಯಾಗುವುದಿಲ್ಲ, ರೋಗ ಹೆಚ್ಚುತ್ತದೆ ಎಂದು ಅಲ್ಲಿನವರು ಕಲಿತರು. ನಾಲ್ಕು ವರ್ಷದ ಮೇಲೆ ಮಣಿಪುರ ಅದೇ ಪಾಠವನ್ನು ಅಷ್ಟೇ ಬೆಲೆ ತೆತ್ತು ಕಲಿಯಬೇಕಾಯಿತು.

ಎರಡನೆಯ ಬಾಗಿಲು ಮನೆಯದೇ. ಇದನ್ನು ಬರೆಯುವಾಗ ಹೆಂಗಸಾದ ನನಗೆ ಸ್ವಲ್ಪ ಸಂಕಟವಾಗುತ್ತದೆ. ಮಣಿಪುರದ ಹೆಂಗಸರು ಸಾಮಾನ್ಯರಲ್ಲ. ಇಂಫಾಲದ ಇಮಾ ಕೈತೆಲ್, ಅಂದರೆ ತಾಯಂದಿರ ಪೇಟೆಯಲ್ಲಿ ಅಂಗಡಿ ಇಟ್ಟವರೆಲ್ಲ ಹೆಂಗಸರೇ. 1904ರಲ್ಲಿ ಬ್ರಿಟಿಷರ ಬಿಟ್ಟಿ ಚಾಕರಿಯ ಆಜ್ಞೆಯ ವಿರುದ್ಧ, 1939ರಲ್ಲಿ ಅಕ್ಕಿಯ ಸಾಗಾಟದ ವಿರುದ್ಧ ಬೀದಿಗಿಳಿದವರು ಇವರು. ಆ ಹೋರಾಟಗಳನ್ನು 'ನೂಪಿ ಲಾನ್', ಹೆಂಗಸರ ಯುದ್ಧ, ಎಂದೇ ಕರೆಯುತ್ತಾರೆ. 1970ರ ದಶಕದಲ್ಲಿ ಗಂಡಸರ ಕುಡಿತದಿಂದ ರೋಸಿಹೋಗಿ ರಾತ್ರಿ ಗಸ್ತು ತಿರುಗಿ ಸಾರಾಯಿ ಹಿಡಿದು ಸುಟ್ಟರು. 1980ರ ಹೊತ್ತಿಗೆ ಸೈನ್ಯದ ಅತಿರೇಕಗಳ ವಿರುದ್ಧವೂ ಎದ್ದು ನಿಂತು 'ಮೈರಾ ಪೈಬಿ', ಪಂಜು ಹಿಡಿದವರು, ಎಂಬ ಹೆಸರು ಪಡೆದರು. ಇಂಥ ತಾಯಂದಿರು ಮಕ್ಕಳ ತೋಳಿನಲ್ಲಿ ಸೂಜಿಯ ಗಾಯ ಕಂಡಾಗ ಸುಮ್ಮನಿರುತ್ತಾರೆಯೇ? ನಶೆಯ ಹುಡುಗರನ್ನು ಹಿಡಿದರು, ಬೈದರು, ಹೊಡೆದರು, ಪೊಲೀಸರಿಗೆ ಒಪ್ಪಿಸಿದರು. ಆ ವರ್ಷಗಳಲ್ಲಿ ಮಣಿಪುರದ ಜೈಲಿನಲ್ಲಿ ಹೆತ್ತವರೇ ಬಿಟ್ಟುಬಂದ ಹುಡುಗರಿದ್ದರು. ಜೈಲಿನಲ್ಲಾದರೂ ಮಗ ಜೀವಂತ ಇರುತ್ತಾನೆ ಎಂಬ ಲೆಕ್ಕ. ಅತ್ತ ಭೂಗತ ಸಂಘಟನೆಗಳು ಸಮಾಜಶುದ್ಧಿಯ ಹೆಸರಿನಲ್ಲಿ ನಶೆಯವರ ಕಾಲಿಗೆ ಗುಂಡು ಹೊಡೆದವು.

ಆ ತಾಯಂದಿರ ಸಿಟ್ಟನ್ನು ನಾನು ಆಡಿಕೊಳ್ಳಲಾರೆ. ಮನೆಯ ತಾಮ್ರದ ಚೊಂಬಿನಿಂದ ಹಿಡಿದು ಸೊಸೆಯ ಓಲೆಯವರೆಗೆ ಮಾರಿದ ಮಗನನ್ನು ಕಂಡವರಿಗೆ ಮಾತ್ರ ಆ ಸಿಟ್ಟಿನ ಆಳ ತಿಳಿದೀತು. ಆದರೆ ಪರಿಣಾಮ ನೋಡಿ. ಪೊಲೀಸರಿಗೆ ಹೆದರಿ ಒಂದು ಕಡೆ, ಅಮ್ಮನಿಗೆ ಹೆದರಿ ಇನ್ನೊಂದು ಕಡೆ, ಬಂದೂಕಿಗೆ ಹೆದರಿ ಮತ್ತೊಂದು ಕಡೆ ಅವಿತುಕೊಂಡವನು ಆಸ್ಪತ್ರೆಯ ಬೆಳಕಿಗೆ ಬರುವುದಾದರೂ ಹೇಗೆ?

ಬೀಗ ತೆಗೆಯಲು ಮೊದಲು ಕೈ ಹಾಕಿದವರು ಯಾರು ಗೊತ್ತೆ? ಚಟ ಬಿಟ್ಟ ಹುಡುಗರೇ. 1991ರಲ್ಲಿ ಇಂಫಾಲದಲ್ಲಿ ಕೆಲವರು ಮಾಜಿ ನಶೆಯವರು ಸೇರಿ 'ಸಾಸೊ' ಎಂಬ ಸಂಸ್ಥೆ ಕಟ್ಟಿದರು. ಸಾಯುತ್ತಿದ್ದ ಗೆಳೆಯರನ್ನು ಮನೆಗೇ ಹೋಗಿ ನೋಡಿಕೊಂಡರು, ಹುಣ್ಣು ತೊಳೆದರು, ಹಳೆಯ ಸೂಜಿ ಪಡೆದು ಹೊಸ ಸೂಜಿ ಕೊಟ್ಟರು. "ಸೂಜಿ ಹಂಚುವುದೆಂದರೆ ಚಟಕ್ಕೆ ನೀರೆರೆದ ಹಾಗಲ್ಲವೇ?" ಎಂದು ಊರು ಕೇಳಿತು. ನಮ್ಮೂರಾದರೂ ಅದನ್ನೇ ಕೇಳುತ್ತಿತ್ತು. ಇಂಥ ಸಂಸ್ಥೆಗಳ ದೊಡ್ಡ ಕೆಲಸವೆಂದರೆ ಮೈರಾ ಪೈಬಿ ತಾಯಂದಿರ ಮುಂದೆ ಕುಳಿತು, ಸೂಜಿ ಕೊಟ್ಟರೆ ಮಗ ಚಟ ಬಿಡುವವರೆಗೆ ಬದುಕಿರುತ್ತಾನೆ, ಸತ್ತವನು ಯಾವ ಚಟವನ್ನೂ ಬಿಡಲಾರ ಎಂದು ಮನವೊಲಿಸುವುದೇ ಆಗಿತ್ತು. 1996ರಲ್ಲಿ ಮಣಿಪುರ ಸರ್ಕಾರ ತನ್ನದೇ ಏಡ್ಸ್ ನೀತಿ ರೂಪಿಸಿತು. ದೇಶದಲ್ಲಿ ಹೀಗೆ ಮಾಡಿದ ಮೊದಲ ರಾಜ್ಯ ಅದು. ಶುದ್ಧ ಸೂಜಿ ಒದಗಿಸುವುದನ್ನು ಆ ನೀತಿ ಒಪ್ಪಿಕೊಂಡಿತು.

ಅದೇ 1996ರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ ನಡೆದ ಸಮ್ಮೇಳನದಲ್ಲಿ, ಮೂರು ಔಷಧಗಳನ್ನು ಒಟ್ಟಿಗೆ ಕೊಟ್ಟರೆ ಎಚ್.ಐ.ವಿ.ಯನ್ನು ಹದ್ದಿನಲ್ಲಿಡಬಹುದು ಎಂಬ ಸುದ್ದಿ ಜಗತ್ತಿಗೆ ತಿಳಿಯಿತು. ವರ ಸಿಕ್ಕಿತು, ಆದರೆ ಬೆಲೆ ಒಬ್ಬರಿಗೆ ವರ್ಷಕ್ಕೆ 10,000 ಡಾಲರಿಗೂ ಮೇಲೆ. 2001ರ ಫೆಬ್ರವರಿಯಲ್ಲಿ ಮುಂಬಯಿಯ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ ಅದೇ ಔಷಧವನ್ನು ವರ್ಷಕ್ಕೆ 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗೂ ಕಡಿಮೆಗೆ, 'ಗಡಿಯಿಲ್ಲದ ವೈದ್ಯರು' ಸಂಸ್ಥೆಗೆ ಕೊಡುತ್ತೇವೆಂದು ಸಾರಿದಾಗ ಲೋಕವೇ ಬೆರಗಾಯಿತು. ನಮ್ಮ ಸರ್ಕಾರ ಉಚಿತ ಚಿಕಿತ್ಸೆ ಆರಂಭಿಸಿದ್ದು 2004ರ ಏಪ್ರಿಲ್ 1ರಂದು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳನ್ನು ಮೊದಲಿಗೆ ಆರಿಸಿದರು. ಆಂಧ್ರ, ತಮಿಳುನಾಡು, ಮಹಾರಾಷ್ಟ್ರ, ಮಣಿಪುರ, ನಾಗಾಲ್ಯಾಂಡ್, ಜೊತೆಗೆ ನಮ್ಮ ಕರ್ನಾಟಕ. ಮಣಿಪುರಕ್ಕೂ ನಮಗೂ ಇರುವ ಒಂದು ನಂಟು ಇದು. ಒಂದೇ ದಿನ, ಒಂದೇ ಮಾತ್ರೆಗಾಗಿ ಎರಡು ಕಡೆಯ ಜನ ಸಾಲುಗಟ್ಟಿದರು.

ಯಾರಿಗೆ ಮೊದಲು? ಸೋಂಕಿತ ತಾಯಂದಿರಿಗೆ, 15 ವರ್ಷದೊಳಗಿನ ಮಕ್ಕಳಿಗೆ, ಏಡ್ಸ್ ಉಲ್ಬಣಿಸಿ ಸರ್ಕಾರಿ ಆಸ್ಪತ್ರೆಗೆ ಬಂದವರಿಗೆ. ಈ ಪಟ್ಟಿಗೆ ಯಾರೂ ತಕರಾರು ಹೇಳಲಾರರು. ಆದರೆ ಅವಿತುಕೊಂಡವರು ಆಸ್ಪತ್ರೆಗೆ ಬರುವುದೇ ಇಲ್ಲವಲ್ಲ! ಬಂದವರಿಗೆ ಮೂರನೆಯ ಬಾಗಿಲು ಎದುರಾಯಿತು. ಅದರ ಮೇಲೆ ಬರಹವಿರಲಿಲ್ಲ, ಬಾಯಿಮಾತಿನಲ್ಲಿ ಹೇಳುತ್ತಿದ್ದರು, "ಮೊದಲು ಚಟ ಬಿಡು, ಆಮೇಲೆ ಬಾ."

ನನ್ನ ಬಾಡಿಗೆಯ ಹುಡುಗಿಯ ಎರಡನೆಯ ಮಾವನಿಗೆ ಆದದ್ದು ಇದೇ. ಆಸ್ಪತ್ರೆಯೊಂದರಲ್ಲಿ ಚಟ ಬಿಟ್ಟು ಬಾ, ಜೊತೆಗೆ ಜವಾಬ್ದಾರಿ ಹೊರುವ ಮನೆಯವರೊಬ್ಬರನ್ನು ಕರೆದುಕೊಂಡು ಬಾ ಎಂದರು. ಮನೆಯವರು ಚಟ ಬಿಡಿಸುವ ಕೇಂದ್ರವೊಂದಕ್ಕೆ ಸೇರಿಸಿದರು. ಅಲ್ಲಿ ಕೂಡಿಹಾಕಿದ್ದೇ ಚಿಕಿತ್ಸೆ. ಹೊರಗೆ ಬಂದು ಕೆಲವು ವಾರ ಚೆನ್ನಾಗಿದ್ದ, ಮತ್ತೆ ಜಾರಿದ, ನಾಚಿಕೆಯಿಂದ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಕೊನೆಗೆ ಹೋದಾಗ ಹೊತ್ತು ಮೀರಿತ್ತು.

ವೈದ್ಯರ ಭಯಕ್ಕೆ ಆಧಾರವೇ ಇರಲಿಲ್ಲವೆಂದಲ್ಲ. ಈ ಮಾತ್ರೆಗಳನ್ನು ದಿನ ತಪ್ಪದೆ ಜೀವಮಾನವಿಡೀ ನುಂಗಬೇಕು. ನಡುನಡುವೆ ಬಿಟ್ಟರೆ ವೈರಾಣು ಔಷಧಕ್ಕೆ ಬಗ್ಗದಂತಾಗುತ್ತದೆ. ಹಾಗೆ ಬಗ್ಗದವರಿಗೆ ಬೇಕಾದ ಎರಡನೆಯ ಹಂತದ ಔಷಧ ಸರ್ಕಾರದಿಂದ ಸಿಗತೊಡಗಿದ್ದು 2008ರಲ್ಲಿ, ಅದೂ ಮೊದಲಿಗೆ ಮುಂಬಯಿ ಮತ್ತು ಮದರಾಸಿನ ಪಕ್ಕದ ತಾಂಬರಂನಲ್ಲಿ ಮಾತ್ರ. ನಶೆಯಲ್ಲಿರುವವನಿಗೆ ಮಾತ್ರೆಯ ಹೊತ್ತು ನೆನಪಿರುತ್ತದೆಯೇ ಎಂಬುದು ಅವರ ಪ್ರಶ್ನೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಉತ್ತರವನ್ನು ಊಹಿಸಿಕೊಳ್ಳದೆ ಲೆಕ್ಕ ಹಾಕಿ ನೋಡಿದವರಿದ್ದಾರೆ. ಚಿಕಿತ್ಸೆ ಎಲ್ಲರಿಗೂ ಉಚಿತವಾಗಿದ್ದ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 3,116 ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಲ್ಲಿ 915 ಮಂದಿ ಸೂಜಿ ನಶೆಯವರು. ಚಿಕಿತ್ಸೆ ಆರಂಭಿಸಿ ಏಳು ವರ್ಷ ಕಳೆದ ಮೇಲೆ ನೋಡಿದರೆ, ಸಾವಿನ ಪ್ರಮಾಣದಲ್ಲಿ ಅವರಿಗೂ ಉಳಿದವರಿಗೂ ಹೇಳುವಂಥ ವ್ಯತ್ಯಾಸವೇ ಇರಲಿಲ್ಲ.

ಅಂದರೆ ಕ್ರಮವೇ ತಿರುಗಾಮುರುಗವಾಗಿತ್ತು. ಚಟ ಬಿಟ್ಟವನಿಗೆ ಚಿಕಿತ್ಸೆಯೆಂಬ ಬಹುಮಾನವಲ್ಲ ಬೇಕಾಗಿದ್ದದ್ದು. ಚಿಕಿತ್ಸೆಯ ಜೊತೆಜೊತೆಗೇ ಚಟಕ್ಕೂ ಆಸರೆ. ಆ ಆಸರೆಗೂ ಔಷಧವಿದೆ. ಬ್ಯೂಪ್ರಿನಾರ್ಫಿನ್ ಎಂಬ ಮಾತ್ರೆಯನ್ನು ನಾಲಿಗೆಯ ಕೆಳಗೆ ಇಟ್ಟರೆ ಹೆರಾಯಿನ್ನಿನ ಹಂಬಲ, ಮೈನೋವು, ನಡುಕ ಅಡಗುತ್ತವೆ. ಮನುಷ್ಯ ಕೆಲಸಕ್ಕೆ ಹೋಗಬಲ್ಲ, ಮಗುವನ್ನು ಎತ್ತಿಕೊಳ್ಳಬಲ್ಲ. "ಒಂದು ನಶೆ ಬಿಡಿಸಿ ಇನ್ನೊಂದು ನಶೆ ಹಿಡಿಸುವುದಲ್ಲವೇ?" ಎಂದು ಕೇಳುವವರಿದ್ದಾರೆ. ಸಕ್ಕರೆ ಕಾಯಿಲೆಯವರು ದಿನವೂ ಇನ್ಸುಲಿನ್ ಚುಚ್ಚಿಕೊಂಡರೆ ನಾವು ಅದನ್ನು ಚಟ ಎನ್ನುತ್ತೇವೆಯೇ? ನಮ್ಮ ದೇಶದಲ್ಲಿ ಸ್ವಯಂಸೇವಾ ಸಂಸ್ಥೆಗಳು 1990ರ ದಶಕದಲ್ಲೇ ಇದನ್ನು ಕೊಡತೊಡಗಿದ್ದವು. ಏಡ್ಸ್ ನಿಯಂತ್ರಣದ ಸರ್ಕಾರಿ ಕಾರ್ಯಕ್ರಮದೊಳಗೆ ಅದು ಸೇರಿದ್ದು 2007ರಲ್ಲಿ ಆರಂಭವಾದ ಮೂರನೆಯ ಹಂತದಲ್ಲಿ.

ಇಷ್ಟಾದರೂ ನಾಲ್ಕನೆಯ ಬಾಗಿಲೊಂದು ಉಳಿದೇ ಇತ್ತು. ಅದನ್ನು ನಾನು ಕ್ಯೂಗಳ ಬಾಗಿಲು ಎನ್ನುತ್ತೇನೆ. ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳಿ. ಎಚ್.ಐ.ವಿ. ಮಾತ್ರೆಗೆ ತಿಂಗಳಿಗೊಮ್ಮೆ ಒಂದು ಆಸ್ಪತ್ರೆ. ಬ್ಯೂಪ್ರಿನಾರ್ಫಿನ್‌ಗೆ ದಿನವೂ ಇನ್ನೊಂದು ಕೇಂದ್ರ, ಅದನ್ನು ಅಲ್ಲಿನವರ ಕಣ್ಣೆದುರಿಗೇ ತೆಗೆದುಕೊಳ್ಳಬೇಕು. ಎಚ್.ಐ.ವಿ. ಇದ್ದವರನ್ನು ಬೇಗ ಹಿಡಿಯುವ ಕ್ಷಯಕ್ಕೆ ಮೂರನೆಯ ಕಡೆ. ಕ್ಷಯದ ಮುಖ್ಯ ಔಷಧ ರಿಫಾಂಪಿಸಿನ್ ರಕ್ತದಲ್ಲಿ ಬ್ಯೂಪ್ರಿನಾರ್ಫಿನ್‌ನ ಮಟ್ಟ ಇಳಿಸುತ್ತದೆ. ಮೈನೋವು ಮರಳುತ್ತದೆ, ರೋಗಿ ಒಂದೋ ಕ್ಷಯದ ಮಾತ್ರೆ ಬಿಡುತ್ತಾನೆ, ಇಲ್ಲವೇ ಸೂಜಿಗೆ ಹಿಂತಿರುಗುತ್ತಾನೆ. ಮೂರು ಕಡೆಯವರೂ ತಮ್ಮ ತಮ್ಮ ಕೆಲಸ ಸರಿಯಾಗಿಯೇ ಮಾಡುತ್ತಿರುತ್ತಾರೆ. ಆದರೆ ಒಬ್ಬರ ಚೀಟಿಯನ್ನು ಇನ್ನೊಬ್ಬರು ಓದುವುದಿಲ್ಲ. ಇದರ ಮೇಲೆ ಮಣಿಪುರದ ಬೆಟ್ಟದ ದಾರಿಗಳು, ಕರ್ಫ್ಯೂ, ಬಂದ್, ಹೆದ್ದಾರಿ ತಡೆ. 2011ರಲ್ಲಂತೂ ನೂರು ದಿನಕ್ಕೂ ಮೀರಿ ಹೆದ್ದಾರಿಗಳು ಮುಚ್ಚಿದ್ದವು. ದಿನದ ಮಾತ್ರೆ ದಿನವೇ ಬೇಕಾದವನಿಗೆ ಒಂದು ದಿನದ ಬಂದ್ ಅಂದರೆ ಏನೆಂದು ಬಂದ್ ಕರೆಯುವವರಿಗೆ ತಿಳಿಯದು.

ಐದನೆಯದು ಪಿತ್ತಕೋಶದ ನೆರೆಯಲ್ಲಿರುವ ಯಕೃತ್ತಿನದು, ನಾವು ಲಿವರ್ ಎನ್ನುವುದು. ಹಂಚಿದ ಸೂಜಿ ಎಚ್.ಐ.ವಿ.ಯನ್ನಷ್ಟೇ ತರುವುದಿಲ್ಲ, ಹೆಪಟೈಟಿಸ್ ಸಿ ಎಂಬ ಕಾಮಾಲೆಯ ಜಾತಿಯ ರೋಗವನ್ನೂ ತರುತ್ತದೆ. ಮಣಿಪುರದಲ್ಲಿ ಎಚ್.ಐ.ವಿ. ಇದ್ದ ಸೂಜಿ ನಶೆಯವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಇದೂ ಇತ್ತೆಂದು 2000ದ ಸುಮಾರಿಗೆ ಪರೀಕ್ಷಿಸಿದವರು ಕಂಡುಕೊಂಡರು. ಉಚಿತವಾಗಿ ಸಿಗುತ್ತಿದ್ದ ಮೊದಲ ಔಷಧಗಳಲ್ಲಿ ಒಂದಾದ ನೆವಿರಪಿನ್ ಲಿವರಿಗೆ ಭಾರವಾಗುವಂಥದು. ಹೆಪಟೈಟಿಸಿಗೆ ಆಗ ಇದ್ದದ್ದು ಇಂಟರ್‌ಫೆರಾನ್ ಇಂಜೆಕ್ಷನ್, ಖರ್ಚು ಲಕ್ಷಗಳಲ್ಲಿ. ಎಚ್.ಐ.ವಿ.ಗೆ ಮಾತ್ರೆ ಪುಕ್ಕಟೆ, ಲಿವರಿಗೆ ಹೊಲ ಮಾರಬೇಕು! ಎಚ್.ಐ.ವಿ. ಗೆದ್ದು ಲಿವರಿನಿಂದ ಸತ್ತವರು ಅನೇಕರು. ನಮ್ಮ ಹುಡುಗಿಯ ಎರಡನೆಯ ಮಾವನ ಸಾವೂ ಲಿವರಿನದೇ. 2013ರ ಕೊನೆಗೆ ಅಮೆರಿಕದಲ್ಲಿ ಸೊಫೊಸ್‌ಬುವಿರ್ ಎಂಬ ಮಾತ್ರೆ ಬಂತು. ರೋಗವನ್ನು ಮೂರು ತಿಂಗಳಲ್ಲಿ ಗುಣಪಡಿಸುವ ಚಿಕಿತ್ಸೆಗೆ ಅದು ದಾರಿ ಮಾಡಿತು. ಅಲ್ಲಿ ಅದರ ಬೆಲೆ ಒಂದು ಮಾತ್ರೆಗೆ 1,000 ಡಾಲರ್. ಭಾರತದ ಕಂಪನಿಗಳು ಅಗ್ಗವಾಗಿ ತಯಾರಿಸತೊಡಗಿದವು. 2018ರ ಜುಲೈ 28ರಂದು ಕೇಂದ್ರ ಸರ್ಕಾರ ಆರಂಭಿಸಿದ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಈ ಚಿಕಿತ್ಸೆಯೂ ಉಚಿತವಾಯಿತು. ಎಚ್.ಐ.ವಿ. ಮಾತ್ರೆ ಉಚಿತವಾಗಿ ಹದಿನಾಲ್ಕು ವರ್ಷದ ಮೇಲೆ!

ಹೆಂಗಸರ ಪಾಲಿಗೆ ಇಷ್ಟೂ ಬಾಗಿಲುಗಳ ಮೇಲೆ ಇನ್ನೊಂದು ಚಿಲಕ. ಗಂಡನಿಂದ ಸೋಂಕು ತಗುಲಿ, ಗಂಡ ತೀರಿಕೊಂಡ ಮೇಲೆ ಅತ್ತೆಮನೆಯಿಂದ ಹೊರಬಿದ್ದ ವಿಧವೆಯರು ಮಣಿಪುರದಲ್ಲಿ ಬಹಳ. ತಾವೇ ಸೂಜಿ ಹಿಡಿದ ಹೆಂಗಸರೂ ಇದ್ದಾರೆ. ಗಂಡಸಿಗೆ 'ಕೆಟ್ಟುಹೋದ' ಎಂದರೆ, ಹೆಂಗಸಿಗೆ 'ಕುಲಗೆಟ್ಟವಳು' ಎಂಬ ಬಿರುದು. ಗಂಡಸರೇ ತುಂಬಿರುವ ಕೇಂದ್ರದ ಮುಂದೆ ದಿನವೂ ಕಂಕುಳಲ್ಲಿ ಕೂಸು ಹೊತ್ತು ನಿಲ್ಲಲು ಯಾವ ಹೆಂಗಸಿಗೆ ಧೈರ್ಯ ಬಂದೀತು? ಬಸುರಿಯಾದರೆ, ಹೆರಿಗೆ ಆಸ್ಪತ್ರೆಯಲ್ಲಿ ನಶೆಯ ವಿಷಯ ಹೇಳಿದರೆ ಮಗುವನ್ನು ಕಿತ್ತುಕೊಂಡಾರೆಂಬ ಭಯ. ಹೇಳದಿದ್ದರೆ ಸರಿಯಾದ ಔಷಧ ಸಿಗದು. ಗಂಡ ಸೂಜಿ ಹಿಡಿದರೆ ಕೇಂದ್ರಕ್ಕೆ ಕರೆದೊಯ್ಯಲು ಹೆಂಡತಿಯೋ ತಾಯಿಯೋ ಇರುತ್ತಾಳೆ. ಅವಳೇ ಹಿಡಿದರೆ ಯಾರೂ ಇರುವುದಿಲ್ಲ.

ಇದೆಲ್ಲ ದೂರದ ಕಥೆ, ನಮಗೇಕೆ ಎನ್ನಬೇಡಿ. ಹೋದ ವರ್ಷ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಸಂಜೆ ಮನೆಗೆ ಬಂದು, ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನಿಮಗೆ ಆ ಮಣಿಪುರದ ವಿಷಯ ಗೊತ್ತಲ್ವಾ ಮೇಡಂ, ಅದಕ್ಕೇ ಬಂದೆ" ಎಂದರು. ಮಗನ ತೋಳಿನಲ್ಲಿ ಗುರುತು ನೋಡಿದ್ದರು. ಖಾಸಗಿ ಆಸ್ಪತ್ರೆಯೊಂದಕ್ಕೆ ಕರೆದೊಯ್ದರೆ, ಮೊದಲು ಚಟ ಬಿಡಲಿ, ರಕ್ತಪರೀಕ್ಷೆ ಎಲ್ಲ ಆಮೇಲೆ ಎಂದು ಕಳಿಸಿದ್ದರಂತೆ. ಅದೇ ಮಾತು! ಮೂರು ಸಾವಿರ ಕಿಲೋಮೀಟರ್ ಆಚೆ, ಇಪ್ಪತ್ತು ವರ್ಷದ ಹಿಂದೆ ಹೇಳಿದ ಅದೇ ಮಾತು. ನಾನು ನನಗೆ ತಿಳಿದಷ್ಟು ಹೇಳಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಎಚ್.ಐ.ವಿ. ಪರೀಕ್ಷೆ ಉಚಿತ, ಚಟ ಬಿಟ್ಟಿರಬೇಕೆಂಬ ನಿಬಂಧನೆ ಇಲ್ಲ. 2017ರಿಂದ, ಸೋಂಕು ಇದೆಯೆಂದು ತಿಳಿದ ಯಾರಿಗೇ ಆಗಲಿ ರಕ್ತದ ಶಕ್ತಿ ಕುಂದುವವರೆಗೆ ಕಾಯಿಸದೆ ಮಾತ್ರೆ ಆರಂಭಿಸಬೇಕೆಂಬುದು ಸರ್ಕಾರದ ನೀತಿ. ಅದೇ ವರ್ಷ ಪಾಸಾಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್.ಐ.ವಿ. ಕಾಯಿದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಬಯಲು ಮಾಡುವಂತಿಲ್ಲ, ಚಿಕಿತ್ಸೆ ನಿರಾಕರಿಸುವಂತಿಲ್ಲ. ನಶೆಯವರಿಗೆ ಶುದ್ಧ ಸೂಜಿ ಕೊಡುವುದು, ಬದಲಿ ಔಷಧ ಕೊಡುವುದು ಅಪರಾಧವಲ್ಲವೆಂದೂ ಆ ಕಾಯಿದೆ ಬಿಡಿಸಿ ಹೇಳಿದೆ. ಕೇಳಿ ತಿಳಿಯಬೇಕೆಂದರೆ 1097 ಎಂಬ ಉಚಿತ ದೂರವಾಣಿ ಇದೆ. ಅವರು ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಹೋದರು. ಹುಡುಗನ ಪರೀಕ್ಷೆಯಾಯಿತು, ಎಚ್.ಐ.ವಿ. ಇರಲಿಲ್ಲ. ಚಟ ಇನ್ನೂ ಪೂರ್ತಿ ಬಿಟ್ಟಿಲ್ಲ. ಆದರೆ ಆಸ್ಪತ್ರೆಗೆ ಹೋಗುತ್ತಿದ್ದಾನೆ, ಮನೆಯಲ್ಲಿ ಉಣ್ಣುತ್ತಿದ್ದಾನೆ.

2019ರಲ್ಲಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿದ ಸಮೀಕ್ಷೆಯ ವರದಿ ಹೊರಬಂದಾಗ ನಮ್ಮ ದೇಶದಲ್ಲಿ ಸೂಜಿಯಿಂದ ನಶೆ ಮಾಡುವವರು ಸುಮಾರು 8.5 ಲಕ್ಷ ಎಂದು ತಿಳಿಯಿತು. ಪಂಜಾಬಿನಲ್ಲಿ, ಮಿಜೋರಾಮಿನಲ್ಲಿ ಮಣಿಪುರದ ಹಳೆಯ ಕಥೆ ಮತ್ತೆ ಮರುಕಳಿಸಿದೆ. ಮಣಿಪುರದಲ್ಲೋ, 2023ರ ಮೇ 3ರಂದು ಹೊತ್ತಿಕೊಂಡ ಜನಾಂಗೀಯ ಗಲಭೆಯಲ್ಲಿ ಕಣಿವೆಯವರು ಬೆಟ್ಟಕ್ಕೆ, ಬೆಟ್ಟದವರು ಕಣಿವೆಗೆ ಕಾಲಿಡಲಾಗದಂತಾಗಿ, ಇಂಫಾಲದ ಆಸ್ಪತ್ರೆಯನ್ನು ನೆಚ್ಚಿಕೊಂಡಿದ್ದ ಬೆಟ್ಟದ ರೋಗಿಗಳ ದಾರಿಯೇ ಕಡಿದುಹೋಯಿತು. ವರ್ಷಗಟ್ಟಲೆ ಒಂದೊಂದಾಗಿ ತೆಗೆದ ಬೀಗಗಳನ್ನು ಒಂದು ರಾತ್ರಿಯಲ್ಲಿ ಮತ್ತೆ ಜಡಿಯಬಹುದು.

ಈ ಚರಿತ್ರೆಯಲ್ಲಿ ದುಷ್ಟರು ಹೆಚ್ಚಿಲ್ಲ ಎಂಬುದೇ ನನಗೆ ಆಶ್ಚರ್ಯ. ಕಾನೂನು ಮಾಡಿದವರು ಯುವಕರನ್ನು ಉಳಿಸಲೆಂದೇ ಮಾಡಿದರು. ತಾಯಂದಿರು ಪ್ರೀತಿಯಿಂದಲೇ ಹೊಡೆದರು. ವೈದ್ಯರು ಔಷಧ ಕೆಡಬಾರದೆಂದೇ ತಡೆದರು. ಎಲ್ಲರೂ ಕೇಳಿದ್ದು ಒಂದೇ, ರೋಗಿ ಮೊದಲು ಒಳ್ಳೆಯವನಾಗಲಿ ಎಂದು. ಆದರೆ ಒಳ್ಳೆಯತನವನ್ನು ಜ್ವರದ ಮಾತ್ರೆಗೆ ಕೊಡುವ ಬೆಲೆಯಾಗಿ ನಾವು ಯಾರಿಂದಲೂ ಕೇಳುವುದಿಲ್ಲವಲ್ಲ. ಕುಡಿದು ಬಿದ್ದು ಕಾಲು ಮುರಿದುಕೊಂಡವನಿಗೂ ಮೊದಲು ಪಟ್ಟಿ ಕಟ್ಟಿ, ಆಮೇಲೆ ಬುದ್ಧಿ ಹೇಳುತ್ತೇವೆ. ಸೂಜಿಯ ನಶೆಯವರ ವಿಷಯದಲ್ಲೂ ಅದೇ ಕ್ರಮ ಸಾಕು. ನಿಮ್ಮ ಬೀದಿಯ ಯಾವುದಾದರೂ ತಾಯಿ ಮಗನ ತೋಳಿನ ಗುರುತು ಕಂಡು ನಿಮ್ಮ ಬಳಿ ಬಂದರೆ, "ಮೊದಲು ಬಿಡಿಸಿ" ಎನ್ನಬೇಡಿ. ಮೊದಲು ಆಸ್ಪತ್ರೆಗೆ ಹೋಗೋಣ ಬನ್ನಿ ಎಂದು ಚಪ್ಪಲಿ ಮೆಟ್ಟಿ ಅವಳ ಜೊತೆ ಹೊರಡಿ.